ಖಂಡೆಪೂಜೆಗೆ ಕೂತ ರಾಕ್ಷಸರು

ಆ ಬೆಳಗ್ಗೆ ಮಳೆ ನಿಂತಿತ್ತು. ವಾರವಿಡೀ ಹೊತ್ತುಗೊತ್ತಿಲ್ಲದೆ ಸುರಿದು, ಗೋದಾವರಿಯನ್ನು ಕೆಂಪಗೆ ಕದಡಿ, ಪಂಚವಟಿಯ ಓಣಿಗಳಲ್ಲಿ ರಿಕ್ಷಾಗಳನ್ನು ಮೊಳಕಾಲುದ್ದ ನೀರಿನಲ್ಲಿ ನಿಲ್ಲಿಸಿ ಆಟವಾಡಿಸಿದ ಮೋಡ, ಮಹಾನವಮಿಯ ದಿನ ಯಾರೋ ಹಿರಿಯರು ಗದರಿಸಿದ ಹಾಗೆ ಸರಿದು ಹೋಗಿತ್ತು. ಒದ್ದೆ ಗೋಡೆಗಳಿಂದ ಹಬೆ ಏಳುತ್ತಿತ್ತು. ಚೆಂಡುಹೂವು ಬುಟ್ಟಿಯಲ್ಲೇ ಕೊಳೆಯುವ ಮೊದಲು ದೇವರಿಗೆ ಮುಟ್ಟಲಿ ಎಂದು ಜನ ನಸುಕಿಗೇ ಎದ್ದು ಸಂತೆಗೆ ಬಂದಿದ್ದರು. ಶಿವ ಕೊಟ್ಟ ದಿನ ಚೆನ್ನಾಗಿಯೇ ಇತ್ತು. ಅದನ್ನು ಕೆಡಿಸಿಕೊಳ್ಳುವುದು ಮನುಷ್ಯರ ಕೈಯಲ್ಲಿತ್ತು. ಆ ಕೆಲಸದಲ್ಲಿ ಮನುಷ್ಯರು ಎಂದೂ ಹಿಂದೆ ಬಿದ್ದವರಲ್ಲ.

ರೂಪಾ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದು ಮಂಚದ ಮೇಲಿದ್ದ ಚೀಲ ಎತ್ತಿದಳು. ಚೀಲ ಹಗುರಾಗಿತ್ತು. ನೀರಿನ ಬಾಟಲಿ ಇತ್ತು, ಬುತ್ತಿ ಇತ್ತು, ಪುಸ್ತಕ ಇರಲಿಲ್ಲ. ಅವಳಿಗೆ ಒಮ್ಮೆಲೇ ಎಲ್ಲವೂ ತಿಳಿಯಿತು. ಟವೆಲ್ ಬಿಚ್ಚದೆ ದೇವರ ಮನೆಗೆ ನಡೆದಳು.

ಅಲ್ಲಿ ಪೂಜೆ ಮುಗಿದು ಊದುಬತ್ತಿಯ ಬೂದಿ ಬಾಗಿತ್ತು. ಹಾಸಿದ ಖಣದ ಮೇಲೆ ಮನೆಯ ಹತಾರಗಳೆಲ್ಲ ಕೂತಿದ್ದವು. ಗಂಡ ಸಂಗಮನಾಥನ ಪಾತ್ರೆ ಅಂಗಡಿಯ ತಕ್ಕಡಿ, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ಸಿನ್ನರಿನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ರೂಪಾಳದೇ ಕ್ಯಾಲಿಪರ್, ಮಗಳು ವೈಷ್ಣವಿಯ ಶಾಲೆಯ ಪುಸ್ತಕಗಳು. ಎಲ್ಲದರ ಮೇಲೆ, ಪೀಠಕ್ಕೆ ಏರಿದ ಜಂಗಮನ ಹಾಗೆ, ಆ ದಪ್ಪ ಪುಸ್ತಕ. ಅದರ ಹೊದಿಕೆಯ ಮೇಲೆ ಮೂರು ದವಡೆಯ ರಾಕ್ಷಸನೊಬ್ಬ ಬಾಯಿ ತೆರೆದು ನಿಂತಿದ್ದ. ಅವನ ಹಣೆಗೆ ಯಾರೋ ಭಕ್ತಿಯಿಂದ ಮೂರು ಬೆರಳು ವಿಭೂತಿ ಎಳೆದಿದ್ದರು.

"ಅತ್ತಿ," ಎಂದಳು ರೂಪಾ, ಹಲ್ಲು ಕಚ್ಚಿ. "ಚೀಲದಾಗ ಕೈ ಹಾಕಿ ತಗದೀರಿ."

ಶಾಂತಾಬಾಯಿ ಹೂವಿನ ದೇಟು ಆರಿಸುತ್ತ ಕೂತಿದ್ದರು. ಭಾಲ್ಕಿಯಿಂದ ನಾಸಿಕಕ್ಕೆ ಬಂದು ಮೂವತ್ತು ವರ್ಷವಾದರೂ ಕಣ್ಣಿನಲ್ಲಿ ಇನ್ನೂ ಆ ಊರಿನ ಬಾವಿಯ ತಂಪು ಇಟ್ಟುಕೊಂಡ ಮುದುಕಿ. ಅವರ ತಂಪಿನಿಂದಲೇ ಸೊಸೆಗೆ ಮೈ ಉರಿಯುತ್ತಿತ್ತು.

"ಇವತ್ತು ಖಂಡೆಪೂಜಿ. ಮನ್ಯಾಗಿನ ಪುಸ್ತಕ, ಹತ್ಯಾರ ಎಲ್ಲಾ ಕುಂದರಸಬೇಕು. ಒಂದು ಬಿಟ್ರ ಅದು ಮುನಿಸ್ಕೋತದ."

"ಅದು ನಮ್ಮದಲ್ಲ. ಮಂದೀದು. ಇವತ್ತು ತಿರುಗಿ ಕೊಡಬೇಕು."

"ಮಂದೀದಾದ್ರ ಇನ್ನೂ ಚಲೋ. ಅವರಿಗೂ ಪುಣ್ಯಾ ಹೋಗ್ತದ."

"ಅದರಾಗ ಬರೀ ರಾಕ್ಷಸರ ಇದ್ದಾರ್ರಿ."

"ಪುರಾಣದಾಗ ಬರೀ ದೇವರ ಇದ್ದಾರೇನು?"

ರೂಪಾ ಕೈ ಚಾಚಿದಳು. ಶಾಂತಾಬಾಯಿ ಬೈಯಲಿಲ್ಲ, ತಡೆಯಲಿಲ್ಲ. ಸುಮ್ಮನೆ ಸೊಸೆಯ ಕೈ ನೋಡಿದರು. ಖಂಡೆಪೂಜೆಗೆ ಕೂತದ್ದನ್ನು ದಸರೆಯ ಬೆಳಗ್ಗೆ ಆರತಿ ಎತ್ತುವ ತನಕ ಕದಲಿಸಬಾರದು ಎಂಬುದನ್ನು ರೂಪಾ ತನ್ನ ತವರಲ್ಲೂ ಕಂಡು ಬೆಳೆದವಳು. ಪರೀಕ್ಷೆಯ ಹಿಂದಿನ ದಿನವೂ ಅವಳ ಅಪ್ಪ ಪುಸ್ತಕ ಮುಟ್ಟಗೊಟ್ಟಿರಲಿಲ್ಲ. ಚಾಚಿದ ಕೈ ತಾನಾಗಿಯೇ ಹಿಂದೆ ಬಂತು. ಬರುವಾಗ ಕಣ್ಣಿಗೆ ಇನ್ನೊಂದು ಬಿತ್ತು. ತಕ್ಕಡಿಯ ತಟ್ಟೆಯಲ್ಲಿ, ಹೂವಿನ ಎಸಳಿನ ನಡುವೆ, ಬಣ್ಣಬಣ್ಣದ ಐದು ದಾಳಗಳು. ಅವನ್ನು ಅವಳು ಮೆಂತ್ಯದ ಡಬ್ಬಿಯ ತಳದಲ್ಲಿ ಮುಚ್ಚಿಟ್ಟಿದ್ದಳು. ದಾಳ ಮನೆ ಮುರಿಯುತ್ತದೆ, ಪಾಂಡವರಂಥ ಪಾಂಡವರನ್ನೇ ಅಡವಿಗೆ ಅಟ್ಟಿತು ಎಂದು ಈ ಅತ್ತೆ ಅನ್ನುವುದನ್ನು ಕೇಳಿ ಕೇಳಿಯೇ ಮುಚ್ಚಿಟ್ಟದ್ದು. ಅತ್ತೆ ದಾಳದ ಸುದ್ದಿ ಎತ್ತಲಿಲ್ಲ, ಸೊಸೆಯೂ ಎತ್ತಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಠಕ್ಕರ್ ಬಜಾರಿನ ನಿಲ್ದಾಣದಲ್ಲಿ ಸಂಭಾಜಿನಗರದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ರೂಪಾ ಹಗುರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪುಸ್ತಕ ಶಬಾನಾಳದು.

ಶಬಾನಾ ಮತ್ತು ರೂಪಾ ಕಲಬುರಗಿಯಲ್ಲಿ ಒಂದೇ ಬೆಂಚಿನ ಮೇಲೆ ಓದಿದವರು. ಬ್ಯಾಂಕಿನ ನೌಕರಿ ಶಬಾನಾಳನ್ನು ಸಂಭಾಜಿನಗರಕ್ಕೆ ತಂದಿತ್ತು, ಮದುವೆ ರೂಪಾಳನ್ನು ನಾಸಿಕಕ್ಕೆ. ಮೂರು ವರ್ಷದಿಂದ ತಿಂಗಳಿಗೊಂದು ಭಾನುವಾರ ರೂಪಾ ಈ ಬಸ್ಸು ಹಿಡಿಯುತ್ತಿದ್ದಳು, ಆಟಕ್ಕಾಗಿ. ವೇಷ ಹಾಕದ ದೊಡ್ಡಾಟ ಎನ್ನಬಹುದು ಅದನ್ನು. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರ ಕಟ್ಟಿಕೊಂಡು ಮೇಜಿನ ಸುತ್ತ ಕೂರಬೇಕು. ಕಾಡಿಗೆ ಹೋಗುತ್ತಾರೋ ಕೋಟೆಗೆ ನುಗ್ಗುತ್ತಾರೋ ಅದು ಅವರಿಗೆ ಬಿಟ್ಟದ್ದು. ಹೊಡೆದ ಏಟು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಕಥೆ ನಡೆಸುವವಳು ರೂಪಾ. ರಾಕ್ಷಸರನ್ನು ಅವಳು ತರುತ್ತಿದ್ದದ್ದು ಶಬಾನಾಳ ಆ ಪುಸ್ತಕದಿಂದ. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಯಾರೋ ನಾಲ್ಕು ಮಂದಿ ಹುಚ್ಚರು ಸೇರಿ ಕೆಲವೇ ಪ್ರತಿ ಅಚ್ಚು ಹಾಕಿಸಿದ್ದರು. ಮೊಬೈಲಿನಲ್ಲಿ ಹುಡುಕಿದರೆ ಹೆಸರೂ ಸಿಗುತ್ತಿರಲಿಲ್ಲ. ಒಂದೊಂದು ರಾಕ್ಷಸನಿಗೆ ಎರಡು ಪುಟ ಕಥೆ, ಒಂದು ಪುಟ ಅಂಕಿ. ಎಷ್ಟು ಏಟಿಗೆ ಸಾಯುತ್ತಾನೆ, ಎಷ್ಟು ದೂರ ಹಾರುತ್ತಾನೆ ಎಂಬುದೆಲ್ಲ ಅಂಕಿಯ ಪುಟದಲ್ಲಿ. ರೂಪಾ ಓದುತ್ತಿದ್ದದ್ದು ಅದನ್ನಷ್ಟೇ. ಕಥೆಯ ಪುಟಗಳು ಕಾಗದ ದಂಡ ಮಾಡಲು ಬರೆದವು ಎಂಬುದು ಅವಳ ಖಚಿತ ಅಭಿಪ್ರಾಯ. ಕಾರ್ಖಾನೆಯಲ್ಲಿ ಒಂದು ಬೋಲ್ಟು ಬಂದರೆ ಅದರ ಅಳತೆ ಕೇಳುತ್ತಾರೆಯೇ ಹೊರತು ಅದರ ಅಜ್ಜ ಯಾವ ಗಣಿಯವನು ಎಂದು ಯಾರೂ ಕೇಳುವುದಿಲ್ಲ.

ಜಗಳವಾದದ್ದು ಗಣಪತಿ ಹಬ್ಬದ ಹೊತ್ತಿನ ಆಟದಲ್ಲಿ. ಆ ಸಲ ರೂಪಾ ತಂದದ್ದು ಹೊಸ್ತಿಲು ತಿನ್ನುವ ರಾಕ್ಷಸನನ್ನು. ಊರಿನ ಮನೆಮನೆಯ ಹೊಸ್ತಿಲು ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದವು. ಅವಳು ಇನ್ನೂ ಅಷ್ಟೇ ಹೇಳಿದ್ದಳು. ಶಬಾನಾ ತನ್ನ ಪಾತ್ರದ ಬಾಯಲ್ಲಿ ಕೇಳಿದಳು, "ಈ ಊರಾಗ ಯಾರನ್ನರೆ ಹೊರಗ ನಿಲ್ಲಿಸಿದ್ರೇನು?" ಕೇಳಿದ ರೀತಿಯಲ್ಲೇ ಅದು ಸರಿಯಾದ ಪ್ರಶ್ನೆ ಅನ್ನಿಸಿತು. ರೂಪಾಳಿಗೆ ರೇಗಿತು. ತಿಂಗಳು ಪೂರ್ತಿ ಕಟ್ಟಿದ ಕಥೆಯನ್ನು ಒಂದೇ ಮಾತಿಗೆ ಬಿಚ್ಚಿಬಿಟ್ಟರೆ? "ನಿನ್ನ ಪುಸ್ತಕ, ನಿಂಗ ಗೊತ್ತಿರಲಾರದೇನು? ಓದಿಕೊಂಡು ಬಂದು ಆಡೂದಾದ್ರ ಆಟ ಯಾಕ ಬೇಕು?" ಎಂದುಬಿಟ್ಟಳು, ಎಲ್ಲರೆದುರು. ಶಬಾನಾ ಎದ್ದು, ಕಪಾಟಿನಿಂದ ಪುಸ್ತಕ ತೆಗೆದು, ರೂಪಾಳ ಚೀಲದೊಳಗೆ ಇಟ್ಟಳು. "ಆಟ ಮುಗಿಯೋತನಕ ನಿನ್ನ ಹತ್ರನೇ ಇರಲಿ." ಅಷ್ಟೇ. ಆಮೇಲೆ ಮೊಬೈಲಿನಲ್ಲಿ ಬಂದ ಉತ್ತರಗಳೆಲ್ಲ ಒಂದೊಂದೇ ಪದದವು.

ಈಗ ಅವಳಿಗೆ ನಾಸಿಕದಾಚೆಯ ಕಲ್ಯಾಣಕ್ಕೆ ವರ್ಗವಾಗಿತ್ತು. ನಾಳೆ ಬೆಳಗಿನ ರೈಲು. ಇವತ್ತಿನದೇ ಕಡೆಯ ಆಟ. ಪುಸ್ತಕವನ್ನು ಕೈಗೆ ಕೊಟ್ಟು, ಜೊತೆಗೆ ಒಂದು ಒಳ್ಳೆಯ ಮಾತನ್ನೂ ಕೊಡಬೇಕೆಂದು ರೂಪಾ ಎಷ್ಟೋ ದಿನದಿಂದ ಮನಸ್ಸಿನಲ್ಲೇ ಮಾತು ತಿದ್ದಿಕೊಳ್ಳುತ್ತಿದ್ದಳು. ಪುಸ್ತಕವಿಲ್ಲದೆ ಆ ಮಾತಿಗೆ ಕಾಲು ಬರುವ ಹಾಗಿರಲಿಲ್ಲ.

ಯೇವಲಾ ದಾಟಿದ ಮೇಲೆ ಗಂಡನಿಗಾದರೂ ಎರಡು ಮಾತು ಅನ್ನೋಣವೆಂದು ಮನೆಗೆ ಫೋನು ಮಾಡಿದಳು. ಎತ್ತಿದವಳು ವೈಷ್ಣವಿ, ಶಾಲೆಯ ಮರಾಠಿಯನ್ನು ಮನೆಯ ಕನ್ನಡಕ್ಕೆ ಬೆರೆಸಿ ಮಾತಾಡುವವಳು.

"ಮಮ್ಮೀ, ಇವತ್ತ ನೀ ಅದನ್ನ ಮಾರಣಾರ್ ಕಾ? ಹೊಸ್ತಿಲಾ ತಿನ್ನೋದನ್ನ? ಆಜಿ ಕೊಲ್ಲಬ್ಯಾಡ ಅಂತಾಳ."

"ಆಜಿಗಿ ಹೆಂಗ ಗೊತ್ತು ಅದು?"

"ನಾನೇ ಓದಿ ಹೇಳ್ದೆ. ರೋಜ್ ಹೇಳ್ತೀನಿ. ಪೂರಾ ಪುಸ್ತಕ ಓದಿ ಝಾಲಂ. ಅದು ಪಹಿಲೆ ವಾಚ್‌ಮನ್ ಇತ್ತು ಮಮ್ಮಿ, ಆಮ್ಯಾಲ ಅದನ್ನ ಯಾರೂ ಒಳಗ—"

ಫೋನು ಕೈ ಬದಲಾಯಿತು. ಶಾಂತಾಬಾಯಿಯ ದನಿ. "ಹಗಲ ಹೊತ್ತಿನ್ಯಾಗ ಕಥಿ ಹೇಳಬಾರದು. ಸ್ವಾದರಮಾವ ದಾರಿ ತಪ್ಪತಾನ."

ಈ ಮಾತು ಯಾರಿಗೆ ಗೊತ್ತಿಲ್ಲ. ಆದರೆ ವೈಷ್ಣವಿಯ ಸೋದರಮಾವ ಎಂದರೆ ರೂಪಾಳ ತಮ್ಮ ಶರಣಬಸವ. ಅವನು ಜಾಲ್ನಾದ ಬೀಜದ ಕಂಪನಿಯಲ್ಲಿ ಕೆಲಸ ಮಾಡುವವನು, ಇವತ್ತಿನ ಆಟಕ್ಕೆ ಬೈಕಿನಲ್ಲಿ ಹೊರಟವನು. ಅದು ಶಾಂತಾಬಾಯಿಗೂ ಗೊತ್ತಿತ್ತು.

"ಅಂವ ಈಗ ರಸ್ತಾದ ಮ್ಯಾಲ ಇದ್ದಾನ. ಮುಟ್ಟಿದ ಮ್ಯಾಲ ಕೇಳು, ಹೇಳ್ತೀನಿ."

"ಅತ್ತಿ, ಅವನ ಮೊಬೈಲಿನ್ಯಾಗ ನಕಾಶಿ ಅದ."

"ನಕಾಶಿ ಇದ್ದವರೇ ಈಗ ಹೆಚ್ಚು ತಪ್ಪಲತ್ತಾರ."

"ವೈಷೂಗ ಕೊಡ್ರಿ. ಅರ್ಧಾ ಹೇಳಿ ಬಿಟ್ಟಾಳ, ಉಳದದ್ದು ಬರದು ಕಳಸ್ತಾಳ."

"ಬರದ್ರೂ ಕಥೀನೇ ಅಲ್ಲೇನು?"

ರೂಪಾ ಫೋನಿಟ್ಟು ಎದುರಿನ ಸೀಟಿನ ಹಿಂಬದಿಗೆ ಹಣೆ ಒತ್ತಿದಳು. ಪಕ್ಕದಲ್ಲಿ ಕೂತಿದ್ದ ಮರಾಠಿ ಅಜ್ಜಿ ಕರುಣೆಯಿಂದ ಒಂದು ನಿಂಬೆಹಣ್ಣು ಕೊಟ್ಟಳು, ಮೂಸಿದರೆ ವಾಂತಿ ನಿಲ್ಲುತ್ತದೆ ಎಂದು.

ಶಬಾನಾಳ ಮನೆಯಲ್ಲಿ ಗೋಡೆಗಳೆಲ್ಲ ಬೋಳಾಗಿದ್ದವು. ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ ಅದರ ಮೇಲೆ ಹಲಗೆ ಇಟ್ಟು ಮೇಜು ಮಾಡಿದ್ದಳು. ಪಕ್ಕದ ಮನೆಯ ತನ್ಮಯ ಆಗಲೇ ಬಂದು ತನ್ನ ದಾಳಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ಅವನ ಮನೆಯವರು ಮೂಲತಃ ಬೀದರಿನವರು; ಅವನಿಗೆ ಕನ್ನಡ ಕಿವಿಗೆ ಬರುತ್ತಿತ್ತು, ನಾಲಿಗೆಗೆ ತಡವರಿಸುತ್ತಿತ್ತು.

ಶಬಾನಾ ನೀರು ತಂದುಕೊಟ್ಟಳು. ಚೀಲದ ಕಡೆ ನೋಡಿದಳು. ಚೀಲ ಚಪ್ಪಟೆಯಾಗಿತ್ತು.

"ಪುಸ್ತಕ?"

"ಪೂಜಿಗಿ ಕೂತದ."

"ಏನು?"

"ಅತ್ತಿ ಖಂಡೆಪೂಜಿಗಿ ಇಟ್ಟುಬಿಟ್ಟಾರ. ನಾಳಿ ಬೆಳಗ್ಗಿನತನ ಮುಟ್ಟಂಗಿಲ್ಲ." ಹೇಳುವಾಗಲೇ ರೂಪಾಳಿಗೆ ತನ್ನ ಮಾತು ಹೋಂವರ್ಕ್ ಮಾಡದ ಮಕ್ಕಳ ನೆಪದ ಹಾಗೆ ಕೇಳಿಸಿತು.

"ಹೂಂ," ಎಂದಳು ಶಬಾನಾ. ನಂಬಲಿಲ್ಲ ಎನ್ನುವುದು ಆ ಹೂಂಕಾರದಲ್ಲೇ ಇತ್ತು. "ಇರಲಿ ಬಿಡು. ಕೊರಿಯರ್ ಮಾಡು ಯಾವಾಗರೆ."

ಯಾವಾಗಾದರೂ ಎಂದರೆ ಎಂದೂ ಇಲ್ಲ ಎಂದರ್ಥ. ಇಬ್ಬರಿಗೂ ಗೊತ್ತಿತ್ತು.

ಶರಣಬಸವನಿಗಾಗಿ ಎರಡು ಸಲ ಚಹಾ ಆಗುವಷ್ಟು ಕಾದರು. ಬರಲಿಲ್ಲ, ಫೋನೂ ಹತ್ತಲಿಲ್ಲ. ಮೂವರೇ ಆಟ ಶುರುಮಾಡಿದರು. ಇರುಳಾಯಿತು ಎಂದಳು ರೂಪಾ, ಊರ ಕಡೆಯ ಮನೆಯ ಹೊಸ್ತಿಲ ಬಳಿ ಅವನು ಬಂದ ಎಂದಳು, ಮೂರು ದವಡೆ ಎಂದಳು. ತನ್ಮಯ ಕತ್ತಿ ಎಳೆದ. ದಾಳ ಹಾಕಿದ. ತಗುಲಿತು. ರೂಪಾ ಮೊಬೈಲು ತೆಗೆದು, ಹಿಂದೆಯೇ ತೆಗೆದಿಟ್ಟುಕೊಂಡಿದ್ದ ಅಂಕಿಯ ಪುಟದ ಚಿತ್ರ ನೋಡಿ ಲೆಕ್ಕ ಕಳೆದಳು. ಮತ್ತೆ ಹಾಕಿದ, ಮತ್ತೆ ಕಳೆದಳು. ಪುರಾಣದ ಕುರುಕ್ಷೇತ್ರಕ್ಕೂ ನಡುವೆ ಒಂದಿಷ್ಟು ಉಪದೇಶವಿದೆ, ಅಳುವಿದೆ, ಸಂಜೆಯಾದರೆ ಶಂಖವಿದೆ. ಇಲ್ಲಿ ಬರೀ ಕಳೆಯುವ ಲೆಕ್ಕ. ಶಬಾನಾ ತನ್ನ ಸರದಿ ಬಂದಾಗಲೆಲ್ಲ "ನಾ ನಿಂತೀನಿ" ಎನ್ನುತ್ತಿದ್ದಳು, ಅಷ್ಟೇ.

"ಝೀರೋ," ಎಂದ ತನ್ಮಯ ಕಡೆಗೆ. "ಸತ್ತಾನ, ದೀದಿ. ಖತಂ."

ರೂಪಾ ಚಿತ್ರವನ್ನು ದೊಡ್ಡದು ಮಾಡಿ ಪುಟದ ತಳ ನೋಡಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಏಟಿನಿಂದ ಬಿದ್ದರೆ ಬೆಳಗಾಗುವಾಗ ಎರಡು ಪಟ್ಟಾಗಿ ಏಳುತ್ತಾನೆ; ಇವನನ್ನು ಶಾಂತಗೊಳಿಸುವ ಬಗೆಗೆ ಹಿಂದಿನ ಪುಟ ನೋಡಿ.

ಹಿಂದಿನ ಪುಟ ನಾಸಿಕದಲ್ಲಿತ್ತು, ವಿಭೂತಿ ಹಚ್ಚಿಕೊಂಡು.

"ಬೆಳಗಾತು. ಮತ್ತ ಎದ್ದಾನ. ಡಬಲ್," ಎಂದಳು.

ತನ್ಮಯ ಕುರ್ಚಿಗೆ ಒರಗಿದ. "ದೀದಿ, ಯೇ ಚೀಟಿಂಗ್ ಹೈ."

"ನಾ ಏನು ಮಾಡ್ಲಿ, ಪುಸ್ತಕದಾಗ ಹಂಗ ಅದ."

"ತೋ ಸಾಯೂದು ಹೆಂಗ ಇವ?"

ರೂಪಾ ಶಬಾನಾಳನ್ನು ನೋಡಿದಳು. ಶಬಾನಾ ಕಿಟಕಿಯ ಆಚೆ ನೋಡಿದಳು.

"ನಿಂಗ ಗೊತ್ತದ," ಎಂದಳು ರೂಪಾ.

"ಗೊತ್ತದ."

"ಹೇಳು ಮತ್ತ."

"ನಾ ಪುಸ್ತಕ ಓದಿದಾಕಿ. ಓದಿದವರು ಹೇಳಿದ್ರ ಆಟ ಯಾಕ ಬೇಕು?" ತನ್ನದೇ ಮಾತು ಇಸ್ತ್ರಿ ಮಾಡಿ ಮಡಿಚಿ ತಿರುಗಿ ಬಂದಿತ್ತು. ಮೂರು ವರ್ಷದ ಆಟ ಹೀಗೆ, ಸಾಯದ ರಾಕ್ಷಸನೊಬ್ಬನ ಎದುರು, ರಟ್ಟಿನ ಪೆಟ್ಟಿಗೆಗಳ ನಡುವೆ ಕುಂಟುತ್ತ ನಿಂತಿತ್ತು.

ಬಾಗಿಲಲ್ಲಿ ಬೈಕು ನಿಂತ ಸದ್ದು. ಶರಣಬಸವ ಒಳಗೆ ಬಂದ. ಮೊಳಕಾಲಿನ ತನಕ ಕೆಸರು, ಕೂದಲಲ್ಲಿ ತೊಗರಿಯ ಎಲೆ.

"ಎಲ್ಲಿ ಸತ್ತಿದ್ದಿ?"

"ದಾರಿ ತಪ್ಪಿದ್ನೆಕ್ಕಾ. ಹಳ್ಳ ಬಂದು ಪೂಲಿನ ಮ್ಯಾಲ ಬಿಡಲಿಲ್ಲ. ನಕಾಶಿ ಹೊಲದಾಗ ಹಾಯಿಸ್ತು. ಅರ್ಧಾ ದಾರಿ ಸುದ್ದ ಬಂದೆ, ಮುಂದ ತಿಳೀಲೇ ಇಲ್ಲ."

"ಯಾವಾಗ ಅದು?"

"ಹತ್ತೂವರಿ ಇರಬೇಕು."

ಯೇವಲಾ ದಾಟಿದ್ದು ಆ ಹೊತ್ತಿಗೇ. ರೂಪಾ ಈ ಲೆಕ್ಕವನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದಳು. ಮುಖ್ಯವಾಗಿ ಅತ್ತೆಗೆ. ಆದರೆ ಫೋನು ಹಚ್ಚುವುದು ತಪ್ಪುವಂತಿರಲಿಲ್ಲ. ಸ್ಪೀಕರಿಗೆ ಹಾಕಿ ಹಲಗೆಯ ನಡುವೆ ಇಟ್ಟಳು.

"ಅತ್ತಿ, ಶರಣೂ ಬಂದ. ಈಗರೆ ಹೇಳ್ರಿ."

"ಸುದ್ದ ಬಂದನೇನು?"

"ಸ್ವಲ್ಪ ತಪ್ಪಿದ್ನ್ರಿ ಅತ್ತಿ," ಎಂದ ಶರಣಬಸವ, ಏನೂ ಅರಿಯದೆ.

"ಅರ್ಧಾ ಕಥಿ ಹೇಳಿತ್ತು ಪೋರಿ," ಎಂದರು ಶಾಂತಾಬಾಯಿ, ನಿಟ್ಟುಸಿರಿನಂತೆ. ರೂಪಾ ಕಣ್ಣು ಮುಚ್ಚಿಕೊಂಡಳು. "ಹೂಂ ಅನ್ನೋರು ಯಾರ ಇದ್ದೀರಿ? ಹೂಂ ಅನಲಿಲ್ಲ ಅಂದ್ರ ಹೇಳೂದಿಲ್ಲ ನೋಡ್ರಿ."

"ನಾನು," ಎಂದಳು ಶಬಾನಾ. ಅಷ್ಟು ಹೊತ್ತಿನಲ್ಲಿ ಅವಳು ಕಿಟಕಿಯಿಂದ ಈ ಕಡೆ ತಿರುಗಿದ್ದು ಅದೇ ಮೊದಲು. "ನಾ ಅಂತೀನ್ರಿ."

"ಹಿಂದಕ ಒಂದು ಊರು. ಊರಿಗಿ ಒಂದು ಅಗಸಿ ಬಾಗಲಾ. ಅಗಸಿ ಕಾಯಾಕ ಒಬ್ಬಾಂವ."

"ಹೂಂ."

"ಊರಿನ ಗೌಡ ಅಂದ, ಮಳಿಗಾಲ ಹೊರಗ ಕಾಯಿ, ಚಳಿಗಾಲಕ್ಕ ಒಳಗ ಕರೀತೀವಿ. ಮಳಿ ಹೋತು. ಚಳಿ ಬಂತು. ಯಾರೂ ಕರೀಲಿಲ್ಲ. ಬಾಗಲಾ ಹಾಕ್ಕೊಂಡು ಮಲಗಿದ್ರು. ಕರೀದೇ ಯಾರ ಮನೀಗೂ ಹೋಗಬ್ಯಾಡಪ್ಪಾ ಅಂತ ಅವನ ತಾಯಿ ಹೇಳಿಕೊಟ್ಟಿದ್ಲು."

"ಆಜಿ, ಬುಕ್‌ನ್ಯಾಗ ಆಯಿ ನಾಹೀ," ಎಂದು ವೈಷ್ಣವಿಯ ದನಿ ನಡುವೆ ತೂರಿತು.

"ತಾಯಿ ಇರ್ಲಾರದ ಮಗಾ ಇರ್ತಾನೇನು? ಸುಮ್ಮ ಕೂಡು. ಹೊಸ್ತಿಲದ ಮ್ಯಾಲ ತಲಿ ಇಟ್ಟು ಮಲಗಿದ ಅಂವ. ಮುಂಜಾನಿ ಏಳಲಿಲ್ಲ."

"ಹೂಂ," ಎಂದರು ನಾಲ್ವರೂ ಒಟ್ಟಿಗೆ. ತನ್ಮಯನದು ಎಲ್ಲಕ್ಕಿಂತ ಗಟ್ಟಿಯಾಗಿತ್ತು.

"ಸತ್ತ ಮ್ಯಾಲೂ ತಾಯಿ ಮಾತು ಮುರೀಲಿಲ್ಲ. ಕರೀದೇ ಒಳಗ ಹೋಗಂಗಿಲ್ಲ. ಹೊಸ್ತಿಲಾನೇ ತಿಂದುಬಿಟ್ರ? ಒಳಗ ಯಾವ್ದು, ಹೊರಗ ಯಾವ್ದು? ಆಗ ಯಾರ ಮಾತೂ ಮುರೀದಂಗ ಒಳಗ ಹೋಗಬಹುದಲ್ಲ. ಅದಕ್ಕ ತಿಂತಾನ. ಹಲ್ಲು ನೋಡಿ ಮಂದಿ ಕತ್ತಿ ತರ್ತಾರ. ಪಾಪ, ಬಾ ಅಂತ ಒಬ್ಬರೂ ಅನಲಿಲ್ಲ."

"ಹೂಂ."

"ಮುಂದ?" ಎಂದಳು ರೂಪಾ.

"ಮುಂದೇನು, ಆಡೋರು ನೀವು. ನನಗ್ಯಾಕ ಕೇಳ್ತಿ?"

ತನ್ಮಯ ಎತ್ತಿದ್ದ ದಾಳವನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ. ಶಬಾನಾ ಮುಂದೆ ಬಾಗಿದಳು. ಅವಳ ಪಾತ್ರ ಎದ್ದು ಹೋಗಿ ಬಾಗಿಲ ಎರಡೂ ಕದ ತೆರೆಯಿತು, ಒಂದು ಚೆಂಬು ನೀರು ತಂದು, ಹೊಸ್ತಿಲು ಇದ್ದ ಜಾಗದಲ್ಲಿ ನಿಂತು, ಮೂರು ದವಡೆಯ ಎದುರು ತಲೆಯ ಮೇಲೆ ಸೆರಗು ಹೊದ್ದು, "ಬರ್ರಿ, ಒಳಗ ಬರ್ರಿ. ಕಾಲು ತೊಳಕೋರಿ" ಎಂದಿತು.

"ಇದಕ್ಕ ದಾಳ?" ಎಂದ ತನ್ಮಯ, ಚಟಕ್ಕೆ.

"ಕರಿಯಾಕ ದಾಳ ಯಾಕ ಬೇಕು?" ಎಂದಳು ರೂಪಾ. ಅವನು ಒಳಗೆ ಬಂದ ಎಂದಳು. ನೀರು ಕುಡಿದ ಎಂದಳು. ಮೂರು ವರ್ಷದ ಆಟ ಅಲ್ಲಿಗೆ ಮುಗಿದಿತ್ತು. ತನ್ಮಯ ಸೋತವನಂತೆ ಮುಖ ಮಾಡಿದ್ದ; ಎರಡು ತಾಸು ಹೊಡೆದಾಡಿದ್ದು ನೀರಿನಲ್ಲಿ ಹೋಮವಾಗಿತ್ತಲ್ಲ.

"ಆಟ ಮುಗೀತೇನು?" ಎಂದಿತು ಫೋನು. "ಶಬಾನಾ ಅನ್ನಾಕಿ ನೀನೇ ಏನವ್ವ, ಮೊದಲ ಹೂಂ ಅಂದಾಕಿ?"

"ಹೌದ್ರಿ."

"ನಿನ್ನ ಪುಸ್ತಕ ದೇವರ ಮುಂದ ಅದ. ರೂಪಾಗ ಬೈಬ್ಯಾಡ, ನಾನೇ ತಗದು ಇಟ್ಟೀನಿ. ಪೋರಿ ಓದಿ ಹೇಳ್ತಿತ್ತು, ನಾ ಕೇಳ್ತಿದ್ದೆ. ಅಷ್ಟ ಚಲೋ ಪುಸ್ತಕ ಬಿಟ್ಟು ಇಸ್ತ್ರಿಪೆಟಗಿಗಿ ಹೆಂಗ ಹೂವ ಏರಸ್ಲಿ?"

ಶಬಾನಾ ರೂಪಾಳನ್ನು ನೋಡಿದಳು. ನಂಬಿಕೆ ಬಂದ ಮೇಲೆ ಮುಖ ತಾನೇ ಬೇರೆಯಾಗುತ್ತದೆ.

"ಅಲ್ಲವ್ವ, ಮೂರು ವರ್ಷಾತು, ನಮ್ಮ ಮನೀಗಿ ಒಮ್ಮೆನೂ ಬರಲಿಲ್ಲಲ್ಲ. ಯಾಕ?"

ಎಲ್ಲರ ಕಣ್ಣೂ ರೂಪಾಳ ಮೇಲೆ ಬಂದವು.

"ನಾನೇ ಕರೀಲಿಲ್ಲ ಅತ್ತಿ," ಎಂದಳು ಅವಳು. "ದಾಳ ನೋಡಿದ್ರ ನೀವು ಬೈತೀರಿ ಅಂತ."

"ಬೈತಿದ್ದೆ," ಎಂದರು ಶಾಂತಾಬಾಯಿ. "ಬೈದು, ಚಾ ಮಾಡಿ ಕೊಡ್ತಿದ್ದೆ."

ಫೋನು ಇಟ್ಟ ಮೇಲೆ ಶರಣಬಸವ ಕೆಸರು ತೊಳೆಯಲು ಹೋದ, ತನ್ಮಯ ದಾಳ ಎಣಿಸಿ ಚೀಲಕ್ಕೆ ಹಾಕಿದ. ರೂಪಾ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಒಳ್ಳೆಯ ಮಾತು ಆ ಹೊತ್ತಿಗೆ ಒಂದಕ್ಷರವೂ ನೆನಪಿರಲಿಲ್ಲ.

"ತಪ್ಪಾತು ಶಬಾನಾ. ಅವತ್ತು ನೀ ಓದಿ ಕೇಳ್ದಿ ಅಂದೆ."

"ಓದಿದ್ದೆ. ಸುಳ್ಳಲ್ಲ. ಆದ್ರ ಆ ಹೊತ್ತಿನ್ಯಾಗ ಈ ರಾಕ್ಷಸ ನೆನಪಿರಲಿಲ್ಲ ನಂಗ." ಶಬಾನಾ ಒಂದು ಪೆಟ್ಟಿಗೆಯ ಮೇಲೆ ಕೂತಳು. "ಅಂಥಾ ಪುಸ್ತಕ ಓದಿದ್ರ ಉತ್ತರ ನೆನಪಿರೂದಿಲ್ಲ ರೂಪಾ. ಬಾಗಲದಾಗ ಯಾರರೆ ಹಲ್ಲು ತಕ್ಕೊಂಡು ನಿಂತ್ರ ಮೊದಲ ಏನು ಕೇಳಬೇಕು, ಅಷ್ಟು ರೂಢಿ ಆಗ್ತದ. ನೀ ಅಂಕಿ ನೋಡಿ ಮುಚ್ಚಿ ಇಡ್ತಿದ್ದಿ. ನಂಗ ನೋಡಿ ನೋಡಿ ಬ್ಯಾಸರಾಗಿತ್ತು."

"ಒಮ್ಮೆರೆ ಬೈಬೇಕಿತ್ತು."

"ಕಥಿ ನಡಸಾಕಿ ನೀನು. ನಡಸವರಿಗಿ ಯಾರು ಬೈತಾರ?"

ಇಬ್ಬರೂ ಕೂಡಿ ಕಡೆಯ ಪೆಟ್ಟಿಗೆಗೆ ಟೇಪು ಸುತ್ತಿದರು. ಟೇಪಿನ ತುದಿ ಸಿಗದೆ ಉಗುರಿನಲ್ಲಿ ಕೆರೆದು ಕೆರೆದು ಮತ್ತೆ ಒಂದಿಷ್ಟು ಜಗಳವಾಯಿತು. ಅದು ಹಳೆಯ ಬಗೆಯ ಜಗಳ. ಬೆಂಚಿನ ಮೇಲೆ ಜಾಗಕ್ಕಾಗಿ ಆಡುತ್ತಿದ್ದಂಥದ್ದು.

ಮರುದಿನ ದಸರೆ. ಶಬಾನಾಳ ರೈಲು ನಾಸಿಕ್ ರೋಡಿನಲ್ಲಿ ಕೆಲವು ನಿಮಿಷ ನಿಲ್ಲುತ್ತಿತ್ತು; ಪುಸ್ತಕವನ್ನು ಅಲ್ಲೇ ಕೊಡುವುದೆಂದು ಟೇಪು ಸುತ್ತುವಾಗ ಮಾತಾಗಿತ್ತು. ರೂಪಾ ಒಬ್ಬಳೇ ಸ್ಕೂಟರಿನಲ್ಲಿ ಹೋಗಿ ಬಂದುಬಿಡೋಣವೆಂದಿದ್ದಳು. ಆದರೆ ಶಾಂತಾಬಾಯಿ ನಸುಕಿನಲ್ಲೇ ಆರತಿ ಎತ್ತಿ, ಪುಸ್ತಕವನ್ನು ತಾವೇ ಇಳಿಸಿ, ಯಾರ ಕೈಗೂ ಕೊಡದೆ, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಸ್ಕೂಟರಿಗೆ ಅಡ್ಡ ಕೂರುವುದು ಅವರಿಗೆ ಬರುತ್ತಿರಲಿಲ್ಲ, ಕಾಲು ಆಚೀಚೆ ಹಾಕಲು ಒಪ್ಪುತ್ತಿರಲಿಲ್ಲ. ರಿಕ್ಷಾ ಹಿಡಿದದ್ದಾಯಿತು. ರಿಕ್ಷಾಗೆ ಕಟ್ಟಿದ ಹಾರ ಗಾಳಿಗೆ ಬಿಚ್ಚಿಕೊಂಡಿತು, ನಿಲ್ಲಿಸಿ ಕಟ್ಟಿದ್ದಾಯಿತು. ದಾರಿಯಲ್ಲಿ ಬನ್ನಿ ಎಲೆ ಮಾರುವವಳನ್ನು ಕಂಡು ಮತ್ತೆ ನಿಲ್ಲಿಸಿದ್ದಾಯಿತು. "ಅತ್ತಿ, ರೈಲು ನಮ್ಮ ಸಲುವಾಗಿ ನಿಲ್ತದೇನು?" ಎಂದು ರೂಪಾ ಕೇಳಿದ್ದಕ್ಕೆ ಅವರು, "ಹಬ್ಬದ ದಿನಾ ಬನ್ನಿ ಇಲ್ಲದ ಬರೀ ಕೈಲೆ ಹೆಂಗ ಕೊಡೂದು" ಎಂದು ಎಲೆ ಆರಿಸತೊಡಗಿದರು, ಒಂದೊಂದಾಗಿ, ಹುಳು ಹತ್ತಿದ್ದನ್ನು ಬದಿಗಿಡುತ್ತ.

ಪ್ಲಾಟ್‌ಫಾರ್ಮಿಗೆ ಕಾಲಿಡುವಾಗ ರೈಲು ಆಗಲೇ ನಿಂತಿತ್ತು. ಶಬಾನಾ ಡಬ್ಬಿಯ ಬಾಗಿಲಲ್ಲಿ ಕಂಬಿ ಹಿಡಿದು ಕತ್ತು ಚಾಚಿ ಹುಡುಕುತ್ತಿದ್ದಳು. ಕಂಡ ಕೂಡಲೇ ಕೆಳಗಿಳಿದಳು. ರೂಪಾ ಏದುಸಿರು ಬಿಡುತ್ತ ಓಡಿ ಹೋಗಿ, ತಡವಾದದ್ದಕ್ಕೆ ರಿಕ್ಷಾದವನನ್ನು, ಹಾರವನ್ನು, ಬನ್ನಿಯವಳನ್ನು ಸಾಲಾಗಿ ಬೈಯಲು ಬಾಯಿ ತೆರೆದಳು.

ಶಾಂತಾಬಾಯಿ ಹಿಂದಿನಿಂದ ಬಂದು ಅವಳ ತೋಳನ್ನು ಮೆಲ್ಲಗೆ ಬದಿಗೆ ಸರಿಸಿದರು. ಸೆರಗಿನೊಳಗಿಂದ ಪುಸ್ತಕ ತೆಗೆದರು. ರಾಕ್ಷಸನ ಹಣೆಯ ವಿಭೂತಿ ಹಾಗೆಯೇ ಇತ್ತು. ಮಧ್ಯದ ಒಂದು ಪುಟದಿಂದ ಬನ್ನಿಯ ಹಸಿರು ಎಲೆ ಇಣುಕುತ್ತಿತ್ತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎರಡೂ ಕೈಯಲ್ಲಿ ಅದನ್ನು ಶಬಾನಾಳ ಎರಡೂ ಕೈಗೆ ಇಟ್ಟರು.